ಬಿಸಿಲಿಗೆ ಒಣಹಾಕಿದ ಆಟ

"ಏನ್ ಕಾಣಾಕತ್ತೈತಿ ಮಂಜ್ಯಾ? ಖರೇ ಹೇಳು."

ಚಂದ್ರಣ್ಣನ ಮೂಗು ಪರದೆಯ ಗಾಜಿಗೆ ತಾಗುವಷ್ಟು ಹತ್ತಿರ ಇತ್ತು. ನಾನು ವಿಡಿಯೋ ಗೇಮ್ ಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನೋಡಿದೆ. ಪರದೆ ತುಂಬ ಮುರಿದ ಅಕ್ಷರ, ಬಣ್ಣದ ಚೂರು. ಯಾವುದೂ ಅಲ್ಲಾಡುತ್ತಿರಲಿಲ್ಲ.

"ಕಸ ಬಂದೈತಣ್ಣ."

"ಹಮಾಲ ಅದಾನೋ ಇಲ್ಲೋ?"

"ಇಲ್ಲ."

"ಚೀಲ?"

"ಏನೂ ಇಲ್ಲ. ಬರೇ ಕಸ."

"ಆರಿಸಿ ಹಚ್ಚು."

ಆರಿಸಿ ಹಚ್ಚಿದೆ. ಅದೇ ಕಸ. ನಮ್ಮ ಹಿಂದೆ ಬೆಂಚಿನ ಮೇಲೆ ಹುಬ್ಬಳ್ಳಿಯ ಸಾಹುಕಾರರು ಕೂತಿದ್ದರು. ಈ ಆಟ ನೋಡಲಿಕ್ಕೆಂದೇ ಅವರು ಕಾರು ಮಾಡಿಕೊಂಡು ಬ್ಯಾಡಗಿಗೆ ಬಂದಿದ್ದರು. ಅವರು ಒಪ್ಪಿದರೆ ಚಂದ್ರಣ್ಣನಿಗೆ ಜೀವನಕ್ಕೆ ಒಂದು ದಾರಿ. ಇಲ್ಲದಿದ್ದರೆ ಯಾವ ದಾರಿಯೂ ಇಲ್ಲ. ಚಂದ್ರಣ್ಣ ಕುರುಡನಾಗುತ್ತಿದ್ದ.

ಇದು ತೊಂಬತ್ತೆರಡನೇ ಇಸವಿಯ ಮಾತು. ಮೆಣಸಿನಕಾಯಿ ಸುಗ್ಗಿ. ನಾನು ಆಗ ರಾಣೇಬೆನ್ನೂರಿನಲ್ಲಿ ಬಸಣ್ಣನ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ಸೋಲ್ಡರಿಂಗ್ ಬರುತ್ತದೆ, ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಬರೆಯುವುದು ನನ್ನ ಕೆಲಸ ಅಲ್ಲ. ಚಂದ್ರಣ್ಣ ಬರಿ ಅಂದ, ಅದಕ್ಕೆ ಬರೆಯುತ್ತಿದ್ದೇನೆ.

ಬಸಣ್ಣ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟಿವಿ. ಎಂಬತ್ತೆಂಟರ ಸುಮಾರಿಗೆ ಹಾವೇರಿಯ ಒಬ್ಬರು ಮುಂಬಯಿಯಿಂದ ವಿಡಿಯೋ ಗೇಮ್ ಪೆಟ್ಟಿಗೆ ತರಿಸಿ ಬಸ್ ಸ್ಟ್ಯಾಂಡ್ ಎದುರು ಇಟ್ಟರು. ಅದು ಕೆಟ್ಟಾಗ ಬಸಣ್ಣನ ಹತ್ತಿರ ಬಂತು. ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಒಂದು ಟಿವಿ, ಒಂದು ಬೋರ್ಡ್, ಒಂದು ಕರೆಂಟಿನ ಡಬ್ಬಿ. "ಇಷ್ಟಽ ಏನಲೇ ಇದು?" ಅಂದ ಬಸಣ್ಣ. ಅಂದಿನಿಂದ ಪೆಟ್ಟಿಗೆಯನ್ನು ನಾವೇ ಕಟ್ಟಲಿಕ್ಕೆ ಹತ್ತಿದೆವು. ಹಲಗೇರಿಯ ಬಡಿಗೇರ ಕಟ್ಟಿಗೆಯ ಕೆಲಸ ಮಾಡಿಕೊಡುತ್ತಿದ್ದ. ಹಳೆ ಟಿವಿ ನಮ್ಮದು. ಬೋರ್ಡ್ ಮಾತ್ರ ಮುಂಬಯಿಯ ಗುಜರಿಯಿಂದ ಬರುತ್ತಿತ್ತು. ರಾಣೇಬೆನ್ನೂರು, ಹಾವೇರಿ, ಕುಮಾರಪಟ್ಟಣದ ಕಾರ್ಖಾನೆಯ ಕಾಲೊನಿ, ಎಲ್ಲ ಕಡೆ ನಮ್ಮ ಪೆಟ್ಟಿಗೆ ನಿಂತವು. ಆದರೆ ಆಟ ನಮ್ಮದಲ್ಲ. ವಿಮಾನ ಹೊಡೆಯುವುದು, ರಾಕೆಟ್ ಹೊಡೆಯುವುದು. ಎಲ್ಲ ಪರದೇಶದ್ದು.

ಚಂದ್ರಣ್ಣ ಬಂದ ಮೇಲೆ ಅದು ಬದಲಾಯಿತು. ಅವನು ಬ್ಯಾಡಗಿಯವನು. ಅಪ್ಪ ಇಲ್ಲ. ತಾಯಿ ಗೌರವ್ವ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಮಾಡಿ ಓದಿಸಿದವಳು. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ. ಕಾರ್ಖಾನೆಯಲ್ಲಿ ನೌಕರಿ ಕೇಳಲಿಕ್ಕೆ ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ತೆಗೆದುಹಾಕಿದರು. ಸಣ್ಣವನಿದ್ದಾಗಿನಿಂದ ಅವನಿಗೆ ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಬದಿಗೆ ಇದ್ದದ್ದೂ ಕಾಣದಂತೆ ಆಯಿತು. ಎದುರಿಗೆ ಇದ್ದದ್ದು ಮಾತ್ರ, ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತಿತ್ತು. ಆ ಕೊಳವೆ ಸಣ್ಣದಾಗುತ್ತ ಬಂತು. ಔಷಧಕ್ಕೆ ಬಗ್ಗುವ ರೋಗ ಅಲ್ಲ ಅಂತ ಡಾಕ್ಟರು ಹೇಳಿದ್ದರು. ಗೌರವ್ವ ಒಪ್ಪಲಿಲ್ಲ. ಶನಿವಾರ ಕದರಮಂಡಲಗಿಯ ಗುಡಿಗೆ ಹೋಗಿ ಬರುವುದನ್ನು ಬಿಡಲಿಲ್ಲ.

ಹಾವೇರಿಯ ಒಂದು ಶಾಲೆಯಲ್ಲಿ ಸರ್ಕಾರ ಕೊಟ್ಟ ಕಂಪ್ಯೂಟರು ಬಟ್ಟೆ ಹೊದ್ದುಕೊಂಡು ಕೂತಿತ್ತು. ಹೆಡ್‌ಮಾಸ್ತರರ ಮನೆಯ ಟಿವಿ ರಿಪೇರಿಗೆ ನಮ್ಮಲ್ಲಿಗೆ ಬರುತ್ತಿತ್ತು. ಅವರು ಚಂದ್ರಣ್ಣನನ್ನು ನೋಡಿ, "ಒಯ್ಯಪ್ಪಾ, ನಮ್ಮಲ್ಲಿ ಅದಕ್ಕ ಧೂಳ ಹೊಡಿಯಾಕೂ ಅಂಜ್ತಾರ" ಅಂದು ಕೊಟ್ಟರು. ಅದರಲ್ಲಿ ಬರೆದ ಪ್ರೋಗ್ರಾಮನ್ನು ಹಾಡಿನ ಕ್ಯಾಸೆಟ್ಟಿಗೆ ತುಂಬಿಡಬೇಕು. ಚಂದ್ರಣ್ಣ ಒಂದು ವರ್ಷದ ಮೇಲೆ ಅದರ ಮುಂದೆಯೇ ಕೂತ. ಗುಜರಿಯ ಬೋರ್ಡಿನ ಒಂದೊಂದು ದಾರಿಯನ್ನೂ ಹುಡುಕಿ ತಿಳಿದುಕೊಂಡ. ಅದರ ಚಿಪ್ ಕಿತ್ತು ತನ್ನ ಆಟ ತುಂಬಿದ ಚಿಪ್ ಹಾಕಿದರೆ ಹೊಸ ಆಟ ಆಗುತ್ತದೆ ಅಂದ.

"ಯಾವ ಆಟ ಮಾಡ್ತಿ?" ಅಂತ ಬಸಣ್ಣ ಕೇಳಿದ.

"ನಮ್ಮೂರಿಂದು. ಹಮಾಲ ಮೆಣಸಿನಕಾಯಿ ಚೀಲ ಹೊರತಾನ. ಅಡ್ಡ ಲಾರಿ ಬರತಾವ, ದನ ಬರತಾವ. ಮಳಿ ಬರೂದ್ರಾಗ ಎಲ್ಲಾ ಚೀಲ ಒಳಗ ಹಾಕಬೇಕು."

"ಹೊಡಿಯೂದು ಬಡಿಯೂದು ಏನೂ ಇಲ್ಲ?"

"ಸುಗ್ಗಿಯಾಗ ಬ್ಯಾಡಗಿ ಪ್ಯಾಟಿಗೆ ಬಂದು ನೋಡು ಬಸಣ್ಣ. ಹೊಡದಾಟ ಬ್ಯಾರೆ ಬೇಕಾ?"

ಆಟ ಚೆನ್ನಾಗಿ ಬಂತು. ಒಂದು ವಿಚಿತ್ರ ಇತ್ತು. ಎಲ್ಲವೂ ಪರದೆಯ ನಡುವೆಯೇ ನಡೆಯುತ್ತಿತ್ತು. ಬದಿಗಳು ಕಪ್ಪಗೆ ಖಾಲಿ. ಇಷ್ಟು ಜಾಗ ಯಾಕೆ ಹಾಳುಮಾಡಿದಿ ಅಂತ ನಾನು ಕೇಳಿದೆ. "ಬದಿಗೆ ಏನೈತಿ ನೋಡಾಕ" ಅಂದ. ಅವನಿಗೆ ಕಾಣುವಷ್ಟು ಜಾಗದಲ್ಲಿ ಅವನು ಆಟ ಕಟ್ಟಿದ್ದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆಟ ತುಂಬುವ ಆ ಚಿಪ್ಪಿನ ಬೆನ್ನ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ಬರೆದದ್ದನ್ನು ಅಳಿಸಬೇಕಾದರೆ ಒಂದು ತರಹದ ದೀಪದ ಕೆಳಗೆ ಇಡುತ್ತಾರೆ. ಆ ದೀಪದಲ್ಲಿ ಇರುವ ಕಿರಣವೇ ಬಿಸಿಲಿನಲ್ಲೂ ಸ್ವಲ್ಪ ಇರುತ್ತದೆ. ಅದಕ್ಕೆ ಕಿಟಕಿಯ ಮೇಲೆ ಬೆಳಕು ಹೋಗದಂತೆ ಚೀಟಿ ಅಂಟಿಸಬೇಕು. ಚಂದ್ರಣ್ಣ ಹುಬ್ಬಳ್ಳಿಯ ಗೆಳೆಯನೊಬ್ಬನ ಲ್ಯಾಬಿನಲ್ಲಿ ನಾಲ್ಕು ಚಿಪ್ ತುಂಬಿಸಿಕೊಂಡು ಬಂದು, ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಮುಚ್ಚಿ, ಮೇಲೆ ಬಿಳಿ ಚೀಟಿ ಗೋಂದಿನಿಂದ ಅಂಟಿಸಿ, ಒಂದು ಎರಡು ಮೂರು ನಾಲ್ಕು ಅಂತ ಬರೆದ. ಇನ್ನೊಂದು ಜೊತೆ ತುಂಬಿಸಿ ಇಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನಾವು ಟಿವಿ ರಿಪೇರಿಯವರು. ಒಂದು ಟಿವಿ ನಡೆಯಿತು ಅಂದರೆ ನಡೆಯಿತು. ಅದರ ನಕಲು ಮಾಡಿ ಕಪಾಟಿನಲ್ಲಿ ಇಡುವ ಅಭ್ಯಾಸ ನಮ್ಮ ಕೆಲಸದಲ್ಲಿ ಇಲ್ಲ.

ಪೆಟ್ಟಿಗೆಯನ್ನು ಬ್ಯಾಡಗಿಯಲ್ಲಿ ಚಂದ್ರಣ್ಣನ ಸೋದರಮಾವ ಶಿವಪ್ಪನ ಚಹಾದ ಅಂಗಡಿಯಲ್ಲಿ ಇಟ್ಟೆವು. ಪೇಟೆಗೆ ಹತ್ತಿರ. ಮೊದಲ ದಿನವೇ ಹಮಾಲರು ಮುತ್ತಿದರು.

"ಲೇ, ಇಂವ ನಮ್ಮ ಫಕೀರಪ್ಪ ನೋಡೋ. ಹಂಗಽ ಸೊಟ್ಟ ನಡೀತಾನ."

"ಫಕೀರಪ್ಪ ಇಷ್ಟ ಲಗೂ ಎಲ್ಲಿ ನಡೀತಾನೋ? ಇಂವನ ಬೆನ್ನಿಗೆ ಬೈಯೂ ಮುಕಾದಮ ಇರಬೇಕು, ಅದಕ್ಕ ಓಡಾಕತ್ತಾನ."

"ದನ ಬಂತು, ದನ ಬಂತು! ಹಿಂದಕ್ಕ ಸರಿ!"

ಚಂದ್ರಣ್ಣ ಗೋಡೆಗೆ ಒರಗಿ ಕೇಳುತ್ತ ನಿಂತಿದ್ದ. ಅವರ ಮುಖ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಗುತ್ತಿದ್ದ.

ಆ ಸುಗ್ಗಿಯಲ್ಲಿ ಅವನ ಕಣ್ಣು ಇನ್ನೂ ಕೆಟ್ಟವು. ಬಸಣ್ಣ ಅವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನ ಜೊತೆಗೇ ಇದ್ದ. ಅಲ್ಲಿದ್ದಾಗ ಬಸಣ್ಣ ಸಾಹುಕಾರರನ್ನು ಕಂಡ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ಅವರ ಗೇಮಿನ ಅಂಗಡಿ ಇದ್ದವು. ಬ್ಯಾಡಗಿಯ ಆಟದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅವರು ಆಸ್ಪತ್ರೆಗೇ ಬಂದು ಚಂದ್ರಣ್ಣನ ಜೊತೆ ಮಾತಾಡಿದರು.

"ಕಣ್ಣ ಹೋದ್ರ ಹೋಗ್ಲಿ. ತಲಿ ಐತಲ್ಲ?" ಅಂದರಂತೆ. "ಇಬ್ರ ಕಲತ ಹುಡುಗೋರ್ನ ಕೊಡ್ತೇನಿ. ನೀ ಹೇಳು, ಅವ್ರು ಬರೀಲಿ. ಮ್ಯಾಲ ಮ್ಯಾಲ ಹೊಸಾ ಆಟ ಮಾಡ್ರಿ. ಆದ್ರ ಮೊದ್ಲ ಇದೊಂದ ನಾ ಕಣ್ಣಾರೆ ನೋಡಬೇಕು. ಬಾಯಿಮಾತಿಗೆ ಒಪ್ಪಾಂವ ಅಲ್ಲ ನಾ."

ಬರುವ ದಿನವನ್ನೂ ಅವರೇ ಹೇಳಿದರು.

ಇತ್ತ ಬ್ಯಾಡಗಿಯಲ್ಲಿ ಏನಾಗಿತ್ತು ಅಂದರೆ, ಅವರು ಹೋದ ಮರುದಿನವೇ ಯಾರೋ ಗಿರಾಕಿ ಪೆಟ್ಟಿಗೆಯ ತಲೆಯ ಮೇಲೆ ಚಹಾದ ಕಿಟ್ಲಿ ಇಟ್ಟಿದ್ದ. ಅದು ಉರುಳಿ, ಗಾಳಿಗೆ ಬಿಟ್ಟ ಸಂದಿಯಿಂದ ಸಕ್ಕರೆ ಚಹಾ ಬೋರ್ಡಿನ ಮೇಲೆ ಸುರಿಯಿತು. ಆಟ ನಿಂತಿತು. ಶಿವಪ್ಪ ಕರೆಂಟ್ ಆರಿಸಿ, ಬೋರ್ಡ್ ಬಿಚ್ಚಿ ತೆಗೆದು ಗೌರವ್ವನಿಗೆ ಹೇಳಿದ. ನಾನು ಆಗ ಕುಮಾರಪಟ್ಟಣದ ಕಾಲೊನಿಯಲ್ಲಿ ಕೆಲಸದ ಮೇಲೆ ಇದ್ದೆ. ಹುಬ್ಬಳ್ಳಿಗೆ ಸುದ್ದಿ ಕಳಿಸುತ್ತೇನೆ ಅಂತ ಶಿವಪ್ಪ ಅಂದಾಗ ಗೌರವ್ವ ಬೇಡ ಅಂದಳಂತೆ. "ಕಣ್ಣಿಗೆ ಔಷಧ ಹಾಕ್ಯಾರ. ಇದನ್ನ ಕೇಳಿ ಅತ್ತಗಿತ್ತಾನು."

ಅವರಿಬ್ಬರು ಹುಬ್ಬಳ್ಳಿಯಿಂದ, ನಾನು ಕುಮಾರಪಟ್ಟಣದಿಂದ ಬ್ಯಾಡಗಿಗೆ ಬಂದದ್ದು ಸಾಹುಕಾರರು ಬರುವ ದಿನ ಬೆಳಿಗ್ಗೆಯೇ. ಗೌರವ್ವ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಬೋರ್ಡ್.

"ಚಹಾ ಬಿದ್ದಿತ್ತು. ತೊಳದು ಒಣಗಿಸೇನಿ. ಒಂದ ಕಲೆ ಇಲ್ಲ ನೋಡ್ರಿ" ಅಂದಳು.

ಇದರಲ್ಲಿ ನಮಗೆ ಹೊಸದೇನೂ ಕಾಣಲಿಲ್ಲ. ನಮ್ಮ ಭಾಗದಲ್ಲಿ ಟಿವಿ ಬಿಚ್ಚಿದರೆ ಒಳಗೆ ಮೆಣಸಿನಕಾಯಿ ಧೂಳು ಬೆರಳು ದಪ್ಪ ಇರುತ್ತದೆ. ನಾವು ಬೋರ್ಡನ್ನು ಸೋಪಿನ ನೀರಿನಲ್ಲಿ ಬ್ರಶ್ ಹಾಕಿ ತೊಳೆದು ಬಿಸಿಲಿಗೆ ಇಡುತ್ತೇವೆ. ಚೆನ್ನಾಗಿ ಒಣಗಿದರೆ ಏನೂ ಆಗುವುದಿಲ್ಲ. ಗೌರವ್ವ ನಮ್ಮ ಅಂಗಡಿಗೆ ಬಂದಾಗ ಅದನ್ನು ನೋಡಿದ್ದಳು. ನಾನು ಬೋರ್ಡ್ ತಿರುಗಿಸಿ ನೋಡಿದೆ. ಹೊಸದರಂತೆ ಇತ್ತು. ನಾಲ್ಕು ಚಿಪ್, ನಾಲ್ಕರ ಮೇಲೂ ಬೆಳ್ಳಿ ಕಾಗದ, ಬಿಳಿ ಚೀಟಿ, ಚಂದ್ರಣ್ಣನ ಕೈಯ ಅಂಕಿ.

"ಭಾರಿ ತೊಳದೀಯವ್ವ. ಮಂಜ್ಯಾನ್ನ ಮನಿಗೆ ಕಳಿಸಿ ನಿನ್ನ ಕೆಲಸಕ್ಕ ಇಟಗೊಂತೇನಿ" ಅಂದ ಬಸಣ್ಣ. ಅವಳು ನಕ್ಕು ಮನೆಗೆ ಹೋದಳು. ಬೋರ್ಡ್ ಹಾಕಿ ತಂತಿ ಜೋಡಿಸುವಷ್ಟರಲ್ಲಿ ಸಾಹುಕಾರರ ಕಾರು ಬಂದು ನಿಂತಿತು.

ಹಾಗಾಗಿ ಆ ಕಸ ಮೊದಲು ಕಂಡದ್ದು ಅವರ ಎದುರಿಗೇ. ನಾನು ಕರೆಂಟಿನ ಡಬ್ಬಿ ಬದಲಿಸಿದೆ. ತಂತಿ ಬಿಚ್ಚಿ ಮತ್ತೆ ಜೋಡಿಸಿದೆ. ಚಿಪ್ ಒತ್ತಿ ಕೂರಿಸಿದೆ. ಅದೇ ಕಸ. ಸಾಹುಕಾರರು ಚಹಾ ಕುಡಿದರು, ಇನ್ನೊಂದು ಕುಡಿದರು. ಕೊನೆಗೆ ಬೋರ್ಡ್ ಸತ್ತಿದೆಯೋ ಏನು ಅಂತ ನೋಡಲಿಕ್ಕೆ, ಅದರ ಮೂಲ ಚಿಪ್ಪುಗಳನ್ನು ನನ್ನ ಡಬ್ಬದಿಂದ ತೆಗೆದು ಹಾಕಿದೆ. ಹಚ್ಚಿದ ಕೂಡಲೇ ಹಳೆಯ ರಾಕೆಟ್ ಆಟ ಬಂತು. ಸ್ವಚ್ಛ ಬಣ್ಣ, ಸ್ವಚ್ಛ ಸಪ್ಪಳ.

"ಇಂಥಾವು ನನ್ನಲ್ಲಿ ಹತ್ತು ಅದಾವ್ರಿ" ಅಂದರು ಸಾಹುಕಾರರು. ಎದ್ದು ನಿಂತರು. ಸಿಟ್ಟು ಮಾಡಲಿಲ್ಲ. ಚಂದ್ರಣ್ಣನ ಹೆಗಲ ಮೇಲೆ ಕೈ ಇಟ್ಟು, "ಮುಂದಿನ ತಿಂಗಳ ದಿಲ್ಲಿಗೆ ಹೊಂಟೇನಪ್ಪಾ, ಬೋರ್ಡ್ ಖರೀದಿಗೆ. ಅಷ್ಟರಾಗ ಆತು ಅಂದ್ರ ಹೇಳಿ ಕಳಸು. ಇಲ್ಲಂದ್ರ ಮತ್ತ ನಾ ಆ ಕಡಿ ಮಾಲ ತುಂಬತೇನಿ" ಅಂದು ಹೋದರು.

ಬೋರ್ಡ್ ಸರಿ ಇತ್ತು. ತೊಳೆದದ್ದೂ ಸರಿ ಇತ್ತು. ಕೆಟ್ಟದ್ದು ಚಿಪ್ಪಿನೊಳಗಿನ ಆಟ. ಚಂದ್ರಣ್ಣ ಕೈ ಚಾಚಿದ. ನಾಲ್ಕೂ ಚಿಪ್ಪನ್ನು ಅವನ ಅಂಗೈಗೆ ಹಾಕಿದೆ. ಅವನು ಚೀಟಿಯ ಮೇಲೆ ಬೆರಳು ಆಡಿಸಿದ. ಮೂಗಿಗೆ ಹಿಡಿದ.

"ನಾ ಹಚ್ಚಿದ್ದು ಗೋಂದು. ಇದು ಹಿಟ್ಟಿನ ಅಂಟು" ಅಂದ.

ಬಸಣ್ಣ ಪೆಟ್ಟಿಗೆಯ ಕರೆಂಟ್ ಆರಿಸಿದ.

ನಾನು ಚಂದ್ರಣ್ಣನ ಕೈ ಹಿಡಿದು ಗೌರವ್ವನ ಮನೆಗೆ ನಡೆದೆ. ಮನೆಯ ಮುಂದಿನ ಬಯಲಿನಲ್ಲಿ ಮೆಣಸಿನಕಾಯಿ ಹರವಿದ್ದರು. ಗೌರವ್ವ ಅದನ್ನು ತಿರುವುತ್ತಿದ್ದಳು. ಮೊದಲು ಅವಳೇ ಕೇಳಿದಳು.

"ಬಂದಿದ್ರ ಏನೋ ಸಾಹುಕಾರ್ರು?"

"ಬಂದಿದ್ರು. ಯವ್ವಾ, ಬೋರ್ಡ್ ಎಲ್ಲಿ ಒಣಗಿಸಿದ್ದಿ?"

"ಇಲ್ಲೇ, ಕಾಯಿ ನಡುವ. ಗೋಣಿಚೀಲದ ಮ್ಯಾಲ. ಒಂದ ಹೊತ್ತು ಈ ಮಗ್ಗಲು, ಒಂದ ಹೊತ್ತು ಆ ಮಗ್ಗಲು. ಇಬ್ಬನಿ ಬೀಳತೈತಿ ಅಂತ ಸಂಜಿಕ ಒಳಗ ತರತಿದ್ದೆ. ನೀ ಹುಬ್ಬಳ್ಳಿಗೆ ಹೋದಾಗಿಂದ ಬರೂ ತನಕ ಒಂದ ದಿನ ಬಿಟ್ಟಿಲ್ಲ. ಒಳಗ ಹಸಿ ಉಳದ್ರ ಕಪ್ಪಾಕ್ಕೈತಿ, ಮೆಣಸಿನಕಾಯಿ ಹಂಗ."

"ಚೀಟಿ?"

"ನೀರಾಗ ಬಿಚ್ಚಿಕೊಂಡ ಬಿಟ್ವು. ಯಾವುದು ಯಾವುದರ ಮ್ಯಾಲ ಇತ್ತು ಅಂತ ನೆನಪ ಇಟಗೊಂಡ, ಬ್ಯಾರೆ ಒಣಗಿಸಿ, ಕಡಿಗೆ ಹಿಟ್ಟ ಕಾಸಿ ಅಂಟಿಸೇನಿ. ಅದಲ ಬದಲ ಆಗಿಲ್ಲ ಹೌದಿಲ್ಲೋ?"

ಹತ್ತು ದಿವಸ, ದಿನಕ್ಕೆ ಒಂದು ಹೊತ್ತು, ಆ ನಾಲ್ಕು ಗಾಜಿನ ಕಿಟಕಿಗಳು ಮಾಘದ ಬಿಸಿಲಿಗೆ ತೆರೆದುಕೊಂಡಿದ್ದವು. ಅಷ್ಟು ಸಾಕು. ಹಮಾಲ, ಚೀಲ, ಲಾರಿ, ಮಳೆ ಎಲ್ಲ ಅಳಿಸಿಹೋಗಿತ್ತು.

ಚಂದ್ರಣ್ಣ ಚಿಪ್ಪುಗಳನ್ನು ಕಿಸೆಗೆ ಹಾಕಿಕೊಂಡ. ಅವನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಅದಲ ಬದಲ ಆಗಿಲ್ಲ" ಅಂದ. "ಎಲ್ಲಾ ಸರೀ ಹಚ್ಚೀದಿ."

"ಮತ್ತ ಸಾಹುಕಾರ್ರು ಏನಂದ್ರು? ಒಪ್ಪಿದ್ರಾ?"

"ಒಪ್ಪಿದ್ರು."

ಗೌರವ್ವ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅವಳ ಕೈಗೆ ಮೆಣಸಿನಕಾಯಿ ಖಾರ ಇತ್ತು, ಕಣ್ಣು ಉರಿಯಿತು, ಒಳಗೆ ಹೋಗಿ ನೀರು ಹಾಕಿಕೊಂಡು ಬಂದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು, ಗೌರವ್ವನ ಮಗನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಅಂತ.

"ಯಾಕ ಸುಳ್ಳ ಹೇಳಿದಿ?" ಅಂತ ರಾಣೇಬೆನ್ನೂರಿನ ಬಸ್ಸಿನಲ್ಲಿ ಕೇಳಿದೆ.

"ಏನ್ ಹೇಳಬೇಕಿತ್ತು? ನೀನಽ ಕೆಡಿಸಿದಿ ಅಂತ ಹೇಳಬೇಕಿತ್ತಾ? ಬಾಯಿ ಮುಚ್ಚು. ಇನ್ನೂ ತಿಂಗಳ ಐತಿ. ತಿರುಗಿ ಮಾಡೂನು."

ಮಾಡಲಿಕ್ಕೆ ನೋಡಿದೆವು. ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದು ಕಂಪ್ಯೂಟರನ್ನು ವಾಪಸ್ ಒಯ್ದಿದ್ದರು. ಬಸಣ್ಣ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡು, ಶಾಲೆಯಲ್ಲೇ ಕೂತು ಮಾಡಲಿಕ್ಕೆ ಒಪ್ಪಿಸಿದ. ಆಟ ತುಂಬಿಟ್ಟ ಕ್ಯಾಸೆಟ್ ತೆಗೆದೆವು. ಅಂಗಡಿಯ ತಗಡಿನ ಕೆಳಗೆ ಇಟ್ಟದ್ದು. ಟೇಪಿನ ಮೇಲೆ ಬೂಷ್ಟು ಬಂದಿತ್ತು. ಹಾಡಾಗಿದ್ದರೆ ನಡುವೆ ಗೊರ್ ಅಂದು ಮುಂದೆ ಹೋಗುತ್ತಿತ್ತು. ಪ್ರೋಗ್ರಾಮು ಹಾಗಲ್ಲ. ಒಂದು ಕಡೆ ತಪ್ಪಿದರೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಸಲ ಹಾಕಿದರೂ ನಿಂತಲ್ಲೇ ನಿಂತಿತು. ಹುಬ್ಬಳ್ಳಿಯ ಗೆಳೆಯನ ಲ್ಯಾಬಿನಲ್ಲೂ ನಕಲು ಉಳಿದಿರಲಿಲ್ಲ.

ಕೊನೆಗೆ ಚಂದ್ರಣ್ಣ ನೆನಪಿನಿಂದ ಹೇಳುವುದು, ನಾನು ಒತ್ತುವುದು ಅಂತ ಆಯಿತು. ಅದು ಬರೀ ಅಂಕಿ ಮತ್ತು ಇಂಗ್ಲಿಷ್ ಅಕ್ಷರ. ನಾನು ಒಂದೊಂದನ್ನೂ ಹುಡುಕಿ ಒತ್ತುತ್ತಿದ್ದೆ. ಅವನಿಗೆ ಬಹಳಷ್ಟು ನೆನಪಿತ್ತು. ಆದರೆ ತಪ್ಪು ಎಲ್ಲಿ ಅಂತ ಹುಡುಕಬೇಕಾದರೆ ಪರದೆ ಓದಬೇಕು. ಆ ಹೊತ್ತಿಗೆ ಅವನಿಗೆ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತಿತ್ತು, ಅದೂ ಮಸುಕು. ನಾನು ಓದಿ ಹೇಳುತ್ತಿದ್ದೆ, ನಾನು ಓದಿದ್ದೇ ತಪ್ಪಾಗುತ್ತಿತ್ತು. ಒಂದು ಸಲ ಹಮಾಲ ಬಂದ. ನಿಂತ. ನಡೆಯಲಿಲ್ಲ.

"ಹಮಾಲ ಅದಾನಣ್ಣ. ನಿಂತಾನ."

"ನಡದ್ನಾ?"

"ಇಲ್ಲ."

"ಸಾಕು ಬಿಡು ಮಂಜ್ಯಾ. ಬಂದ್ ಮಾಡು."

ಸಾಹುಕಾರರು ದಿಲ್ಲಿಗೆ ಹೋದರು. ನಾವು ಹೇಳಿ ಕಳಿಸಲಿಲ್ಲ.

ಆದರೆ ಬ್ಯಾಡಗಿಯಲ್ಲಿ ಗೌರವ್ವ ಕಾಯುತ್ತಿದ್ದಳು. ಮಗ ನೌಕರಿಗೆ ಯಾವಾಗ ಹೋಗುತ್ತಾನೆ ಅಂತ ಓಣಿಯವರೂ ಕೇಳುತ್ತಿದ್ದರು. ಚಂದ್ರಣ್ಣ ಹುಬ್ಬಳ್ಳಿಗೆ ಹೋಗಲೇಬೇಕಾಯಿತು. ಅಲ್ಲಿ ಕಣ್ಣಿಲ್ಲದವರಿಗೆ ಕೆಲಸ ಕಲಿಸುವ ಒಂದು ಸಂಸ್ಥೆ ಇತ್ತು. ಬಸಣ್ಣ ಮಾತಾಡಿ ಸೇರಿಸಿದ. ನಾನು ಬಿಟ್ಟು ಬರಲಿಕ್ಕೆ ಹೋದೆ. ಗೌರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಬಸ್ಸಿನ ಕಿಟಕಿಗೆ ಕೈ ಹಾಕಿ, "ಆ ಇಬ್ರು ಹುಡುಗೋರ್ಗೂ ಕೊಡು, ಒಬ್ಬನಽ ತಿನಬ್ಯಾಡ" ಅಂದಳು. ಕೈ ಕೆಳಗೆ ಇಬ್ಬರು ಕೆಲಸದವರು ಇರುತ್ತಾರೆ ಅಂತ ಅವಳ ತಲೆಯಲ್ಲಿ ಇತ್ತು.

ಅಲ್ಲಿ ಅವನು ಕುರ್ಚಿಗೆ ಬೆತ್ತ ಹೆಣೆಯುವುದು ಕಲಿತ. ಈಗಲೂ ಅದನ್ನೇ ಮಾಡುತ್ತಾನೆ. ಕಣ್ಣು ಪೂರ್ತಿ ಹೋಗಿವೆ. ಊರಿಗೆ ಬಂದಾಗಲೆಲ್ಲ ಗೌರವ್ವ ಕೇಳುತ್ತಿದ್ದಳು, "ಆಟ ಹೆಂಗ ನಡದಾವಪ್ಪಾ?" ಅಂತ. "ಚಲೋ ನಡದಾವ" ಅನ್ನುತ್ತಿದ್ದ. ಬೆತ್ತದಿಂದ ಬೆರಳು ಸೀಳಿರುತ್ತಿದ್ದವು. ಏನಿದು ಅಂದರೆ ತಂತಿ ಕೆಲಸ ಅನ್ನುತ್ತಿದ್ದ. ಒಂದು ಸಲ ಅವಳು ನನ್ನನ್ನು ಹಿಡಿದು ನಿಲ್ಲಿಸಿ, "ಮಂಜು, ಒಮ್ಮೆ ಕರಕೊಂಡ ಹೋಗಿ ಅವನ ಆಫೀಸ ತೋರ್ಸೋ" ಅಂದಳು. ಸುಗ್ಗಿ ಮುಗಿಯಲಿ ಅಂದೆ. ಆಮೇಲೆ ಅವಳು ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ ನನಗೆ ಗೊತ್ತಿಲ್ಲ.

ಗೌರವ್ವ ಹೋದ ವರ್ಷ ತೀರಿಕೊಂಡಳು. ಇನ್ನು ಬರಿ ಅಂತ ಚಂದ್ರಣ್ಣ ಆಗ ಅಂದ.

ಬಸಣ್ಣ ಈಗ ಕೇಬಲ್ ಟಿವಿ ಹಾಕಿದ್ದಾನೆ. ಸ್ವಂತ ಆಟ ಮಾಡುವ ಅಂಗಡಿ ಅಂತ ನಾವು ಇದ್ದದ್ದು ಒಂದು ಆಟದ ಮಟ್ಟಿಗೆ. ಅದನ್ನು ಆಡಿದ ಹಮಾಲರು ಕೆಲವರು ಇನ್ನೂ ಇದ್ದಾರೆ. ಕೇಳಿದರೆ ಹೇಳುತ್ತಾರೆ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಮಾಡಿದ್ದನ್ನು ಎರಡು ಮಾಡಿ, ಎರಡು ಊರಿನಲ್ಲಿ ಇಡಬೇಕು. ಚಿಪ್ಪಿನ ಕಿಟಕಿಗೆ ನೀರಿಗೆ ಬಿಡದಂಥ ಕಪ್ಪು ಟೇಪ್ ಹಚ್ಚಬೇಕು. ಅದು ಯಾಕೆ ಅಂತ ಮನೆಯಲ್ಲಿ ಇರುವ ಎಲ್ಲರಿಗೂ, ಓದು ಬರಲಿ ಬಿಡಲಿ, ಕೂಡಿಸಿ ಹೇಳಬೇಕು. ನಾವು ಗೌರವ್ವನಿಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಮುಗಿಯಿತು. ಹೇಳಲಿಕ್ಕೆ ನನ್ನ ಹತ್ತಿರ ಬೇರೆ ಏನೂ ಇಲ್ಲ.